ಸಾಗರದ ಕಡೆ ಹಳ್ಳಿಯಲ್ಲಿ ಕೂತು ಪರಿಸರಸ್ನೇಹಿ ಆಭರಣ ಮಾಡಿ ಬದುಕಬಹುದಾ?

ಬೆಂಗಳೂರಿನ ಕೆಲಸ ಬಿಟ್ಟು ಸಾಗರದ ಹತ್ತಿರದ ನಿಮ್ಮೂರಿಗೆ ವಾಪಸ್ ಬರುತ್ತಿದ್ದೀರಿ. ಗರಟೆ, ಕಾಡಿನ ಬೀಜ, ಬಟ್ಟೆ ತುಂಡುಗಳಿಂದ ಓಲೆ, ಸರ, ಬ್ಯಾಗು ಮಾಡಿ ಮಾರುವ ಯೋಚನೆ ಇದೆ. ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ.

ತುಂಬುತ್ತೆ, ಆದರೆ ನಿಧಾನಕ್ಕೆ. ಮೊದಲ ಎರಡು ವರ್ಷ ತೋಟದ್ದೋ ಮನೆಯವರ ಸಂಬಳದ್ದೋ ಆಸರೆ ಇರಲಿ. ನಾನೂ ಇದೇ ಸೀಮೆಯಲ್ಲಿ ಗರಟೆ ಓಲೆ, ಬಟ್ಟೆ ಸರ ಮಾಡುತ್ತೇನೆ. ಕೇಳಲು ಬರುವವರೆಲ್ಲ ಇನ್‌ಸ್ಟಾಗ್ರಾಮ್ ವಿಷಯವನ್ನೇ ಕೇಳುತ್ತಾರೆ. ಇಲ್ಲಿ ಈ ಕಸುಬಿಗೆ ದೊಡ್ಡ ತಲೆನೋವು ಇನ್‌ಸ್ಟಾಗ್ರಾಮ್ ಅಲ್ಲ, ಮಳೆ.

ಜೋಗ ನೋಡಲು ಜನ ಮುಗಿಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಕೈತುಂಬ ಗಿರಾಕಿ ಸಿಗುವ ಕಾಲ ಅದು. ನಮ್ಮ ಮನೆಗಳಲ್ಲಿ ಬಾಗಿಲು ಉಬ್ಬಿ ಹಾಕಲು ಬಾರದಂತಾಗಿ, ಚಪ್ಪಲಿ, ಬೆಲ್ಟಿನ ಮೇಲೆಲ್ಲ ಬೂಷ್ಟು ಹಿಡಿಯುವ ಕಾಲವೂ ಅದೇ. ಮಾರುವ ಹೊತ್ತು ಮತ್ತು ಮಾಲು ಹಾಳಾಗುವ ಹೊತ್ತು ಒಂದೇ ಆಗಿಬಿಟ್ಟಿದೆ. ಹಾಗಾಗಿ ಜನವರಿಯಿಂದ ಮೇವರೆಗೆ ಬಿಸಿಲಿರುವಾಗಲೇ ಮಾಡಿ ಮುಗಿಸಬೇಕು. ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಬಟ್ಟೆ ಚೀಲದಲ್ಲಿ ಬಿಳಿ ಸಿಲಿಕಾ ಜೆಲ್ ಕಾಳು. ಕಾಳು ತೇವ ಹೀರಿ ಸುಸ್ತಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ಕೆಲಸಕ್ಕೆ ಬರುತ್ತದೆ.

ಈ ಲೆಕ್ಕದಲ್ಲಿ ಗರಟೆಗೆ ನನ್ನ ಮೊದಲ ವೋಟು. ಚೆನ್ನಾಗಿ ಬಲಿತ ಕಾಯಿಯದ್ದೇ ಆಗಬೇಕು. ಎಳೆ ಕಾಯಿಯದು ಒಣಗುವಾಗ ಸೀಳುತ್ತದೆ. ಹೊರಗಿನ ನಾರನ್ನು ಚಾಕುವಿನಲ್ಲಿ ಹೆರೆದು ತೆಗೆಯಿರಿ, ಒಳಗೆ ಅಂಟಿದ ಕೊಬ್ಬರಿಯ ಕಂದು ಪೊರೆ ಚೂರೂ ಉಳಿಯಬಾರದು. ಬೂಷ್ಟು ಶುರುವಾಗುವುದೇ ಅಲ್ಲಿಂದ. ಪೆನ್ಸಿಲಿನಲ್ಲಿ ಆಕಾರ ಬರೆದು, ಸಣ್ಣ ಹಲ್ಲಿನ ಬ್ಲೇಡಿನಲ್ಲಿ ಕೊಯ್ಯಿರಿ. ಗರಟೆ ಬಾಗಿರುತ್ತದೆ ಅಲ್ವಾ, ಹಾಗಾಗಿ ದೊಡ್ಡ ಚಪ್ಪಟೆ ಪದಕ ಇದರಲ್ಲಿ ಆಗದ ಮಾತು. ಚಿಕ್ಕ ಓಲೆ, ಗುಂಡಿ, ಕೂದಲ ಕ್ಲಿಪ್ಪು ಚೆನ್ನಾಗಿ ಬರುತ್ತವೆ. ಆಮೇಲೆ ಸ್ಯಾಂಡ್‌ಪೇಪರ್: 120 ನಂಬರಿನ ಒರಟು ಹಾಳೆಯಿಂದ ಶುರು ಮಾಡಿ ಇನ್ನೂ ನುಣ್ಣನೆಯ 220, 400, 600. ಕೊನೆಯ ಎರಡನ್ನು ನೀರು ಹಾಕಿ ಉಜ್ಜಿ. ಗರಟೆಯ ಪುಡಿ ತುಂಬ ನುಣ್ಣಗೆ, ನೇರ ಎದೆಗೇ ಹೋಗುತ್ತದೆ. ಮಾಸ್ಕ್ ಇಲ್ಲದೆ ಕೂರಲೇಬೇಡಿ. 400 ದಾಟಿದ ಮೇಲೆ ಒಳಗಿನಿಂದ ಗೆರೆ, ಚುಕ್ಕಿ ಮೇಲೆ ಬರುತ್ತದೆ ನೋಡಿ, ಆ ಗಳಿಗೆಗಾಗಿಯೇ ನಾನು ಈ ಕೆಲಸ ಮಾಡುವುದು. ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅದು ಒಣಗುವ ಎಣ್ಣೆಯಲ್ಲ, ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ. ಜೇನುಮೇಣ ತಿಕ್ಕಿ.

ಬಟ್ಟೆ ಸರಕ್ಕೆ ಹೊಸ ಬಟ್ಟೆ ಕೊಳ್ಳಬೇಡಿ. ಹೆಗ್ಗೋಡಿನ ಸುತ್ತ ‘ಚರಕ’ ಅನ್ನುವ ಮಹಿಳಾ ಸಹಕಾರ ಸಂಘದಿಂದಾಗಿ 1990ರ ದಶಕದಿಂದ ಕೈಮಗ್ಗ, ನೈಸರ್ಗಿಕ ಬಣ್ಣದ ಕೆಲಸ ಬೇರೂರಿದೆ. ಹೊಲಿಯುವವರ ಹತ್ತಿರ ಕತ್ತರಿಸಿ ಉಳಿದ ಚೂರುಗಳು ಯಾವಾಗಲೂ ಇರುತ್ತವೆ, ಕೇಳಿ ನೋಡಿ. ಬಣ್ಣ ನೀವೇ ಹಾಕುತ್ತೀರಾದರೆ ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಇದ್ದೇ ಇದೆ. ಅದರ ಕಲೆ ಹೋಗಲ್ಲ ಅಂತ ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ಯಾವ ಮನೆಯವರಿಗೂ ಹೇಳಿಕೊಡಬೇಕಿಲ್ಲ. ಚೊಗರಿಗೆ ತುಕ್ಕು ಕಬ್ಬಿಣದ ನೀರು ಸೇರಿಸಿದರೆ ಕಂದು ಹೋಗಿ ಬೂದುಗಪ್ಪು ಬರುತ್ತದೆ. ಮಾರುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಬಣ್ಣ ಬಿಟ್ಟರೆ ಅದು ಕುತ್ತಿಗೆಗೆ ಹೋಗುವ ಮಾಲಲ್ಲ.

ಬೀಜದ ವಿಷಯದಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಗುಲಗಂಜಿ ಮುಟ್ಟಬೇಡಿ. ಕೆಂಪು, ತುದಿಗೆ ಕಪ್ಪು, ನೋಡಲು ಎಷ್ಟೇ ಚೆಂದ ಇರಲಿ, ಒಳಗೆ ಅಬ್ರಿನ್ ಎನ್ನುವ ಕಡು ವಿಷ ಇದೆ. ಇಡೀ ಬೀಜದ ಗಟ್ಟಿ ಸಿಪ್ಪೆ ಅದನ್ನು ಹಿಡಿದಿಟ್ಟಿರುತ್ತದೆ. ಸರಕ್ಕೆಂದು ತೂತು ಕೊರೆದ ಕೂಡಲೇ ಆ ರಕ್ಷಣೆ ಹೋಯಿತು. ಮಕ್ಕಳು ಸರ ಬಾಯಿಗೆ ಹಾಕದೆ ಇರುತ್ತಾರಾ? 2011ರಲ್ಲಿ ಇಂಗ್ಲೆಂಡಿನಲ್ಲಿ ಇದರ ಬ್ರೇಸ್‌ಲೆಟ್‌ಗಳನ್ನು ಮಾರಿದ ಮೇಲೆ ವಾಪಸ್ ಕೇಳಬೇಕಾಯಿತು. ಬೇಕಿದ್ದರೆ ಅಂಟುವಾಳದ ಕಪ್ಪು ಬೀಜ ಬಳಸಿ.

ಕಾಡಿನಲ್ಲಿ ಬಿದ್ದದ್ದೆಲ್ಲ ನಮ್ಮದು ಅನ್ನುವ ಭಾವನೆಯೂ ಬೇಡ. 2023ರ ಹುಲಿಯುಗುರು ಗಲಾಟೆ ನೆನಪಿದೆಯಲ್ಲ, ಅಜ್ಜನ ಕಾಲದ ಪದಕ ಹಾಕಿಕೊಂಡವರೂ ಬೆವತಿದ್ದರು. ಶ್ರೀಗಂಧ, ಬೀಟೆ ಚೂರು ಯಾರಾದರೂ ಕೊಟ್ಟರೆ ಬಿಲ್ ಕೇಳಿ, ಇಲ್ಲದಿದ್ದರೆ ಕೈಮುಗಿದು ಕಳಿಸಿ.

ಇನ್ನೊಂದು, ಒಣ ಹೂವನ್ನು ರೆಸಿನ್ನಿನಲ್ಲಿ ಮುಳುಗಿಸಿ ‘ನೈಸರ್ಗಿಕ ಆಭರಣ’ ಅಂತ ಮಾರುತ್ತಾರೆ. ನೋಡಲು ಚೆಂದವೇ. ಆದರೆ ಎಪಾಕ್ಸಿ ರೆಸಿನ್ ಪ್ಲಾಸ್ಟಿಕ್ಕೇ ತಾನೆ, ಒಳಗೆ ಸೇವಂತಿಗೆ ಇದ್ದರೇನು? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಹಸಿರು ಮಾತುಗಳಿಗೆ ಮಾರ್ಗಸೂಚಿ ತಂದಿದೆ. ಸುಮ್ನೆ ‘ಪರಿಸರಸ್ನೇಹಿ’ ಅಂತ ಬರೆದರೆ ಸಾಲದು, ಯಾಕೆ ಅಂತ ಹೇಳಲು ಆಧಾರ ಇರಬೇಕು. ನಾನು ಚೀಟಿಯಲ್ಲಿ ‘ಗರಟೆ, ಜೇನುಮೇಣ, ಸ್ಟೀಲ್ ಕೊಕ್ಕೆ’ ಅಂತಷ್ಟೇ ಬರೆಯುತ್ತೇನೆ. ಕೊಕ್ಕೆ ಒಳ್ಳೆಯದೇ ಇರಲಿ, ಅಗ್ಗದ ಲೋಹದಲ್ಲಿ ನಿಕಲ್ ಇದ್ದರೆ ಎಷ್ಟೋ ಜನರ ಕಿವಿ ತುರಿಸಿ ಕೀವಾಗುತ್ತದೆ. ಒಮ್ಮೆ ಕಿವಿ ಕೀವಾದವರು ಗರಟೆಯನ್ನೇ ಬೈಯುತ್ತಾರೆ.

ಓಲೆ ಮೇಲೆ ಹಸೆ ಚಿತ್ತಾರ ಬರೆಯುವ ಆಸೆ ನಿಮಗೂ ಬರುತ್ತದೆ, ಎಲ್ಲರಿಗೂ ಬರುತ್ತದೆ. ಅದು ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಕಲೆ. ಅಕ್ಕಿ ಹಿಟ್ಟು, ಕೆಮ್ಮಣ್ಣು, ಪುಂಡಿ ನಾರಿನ ಕುಂಚ ಹಿಡಿದು ಗೆರೆ ಎಳೆಯುವವರು ಸಾಗರದ ಸುತ್ತಮುತ್ತ ಈಗಲೂ ಇದ್ದಾರೆ. ಇಂಟರ್ನೆಟ್ಟಿಂದ ಚಿತ್ರ ಎತ್ತಿ ಪ್ರಿಂಟ್ ಹೊಡೆಸುವ ಬದಲು ಅವರ ಕೈಯಲ್ಲೇ ಬರೆಸಿ, ಒಪ್ಪಿದರೆ ಚೀಟಿಯಲ್ಲಿ ಅವರ ಹೆಸರೂ ಹಾಕಿ. ಗುಡಿಗಾರರ ಬೆಂಡಿನ ಕೆಲಸಕ್ಕೂ ಇದೇ ಮಾತು. ಮದುವೆ ಬಾಸಿಂಗ ಮಾಡುವ ಕೈಗೆ ಹಗುರ ಬೆಂಡಿನ ಓಲೆ ದೊಡ್ಡದಲ್ಲ, ಆದರೆ ಬೆಂಡಿಗೆ ನೀರು ಸೋಕಬಾರದು.

ಬೆಲೆ ಹೇಳುವಾಗ ಗರಟೆ ಪುಕ್ಕಟೆ ಸಿಕ್ಕಿತು ಅಂತ ಅಗ್ಗ ಮಾಡಬೇಡಿ. ಕೊಕ್ಕೆ, ಚೀಟಿ, ಡಬ್ಬಿಯ ಖರ್ಚಿಗೆ ನಿಮ್ಮ ಗಂಟೆಗಳ ಕೂಲಿ ಸೇರಿಸಿ. ತೋಟದ ಕೂಲಿಗಿಂತ ಕಡಿಮೆ ಬಂದರೆ ಆ ಡಿಸೈನ್ ಕೈಬಿಡಿ. ನಗರದ ಒಂದು ಅಂಗಡಿ ನನ್ನ ಮಾಲನ್ನು ಮಾರಿ ಆದಮೇಲೆ ದುಡ್ಡು ಅಂತ ಇಟ್ಟುಕೊಂಡು, ಮಳೆಗಾಲ ಕಳೆದ ಮೇಲೆ ಮಾಸಿದ ಓಲೆಗಳನ್ನು ವಾಪಸ್ ಕಳಿಸಿತು. ಅಂದಿನಿಂದ ಅರ್ಧ ದುಡ್ಡು ಮುಂಚೆ ಕೊಟ್ಟರೆ ಮಾತ್ರ ಮಾಲು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ಪ್ಲಾಸ್ಟಿಕ್ ಬಳೆಯ ಜೊತೆ ಸ್ಪರ್ಧೆ, ಅಲ್ಲಿ ಇಂಥದ್ದು ಹೋಗಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಶಿಬಿರದ ಹೊತ್ತಿಗೆ ಬರುವವರು ನಿಂತು ನೋಡುತ್ತಾರೆ, ಕೊಳ್ಳುತ್ತಾರೆ.

ಕಾಗದ ಪತ್ರ ಅಷ್ಟೇನೂ ಕಷ್ಟ ಇಲ್ಲ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದ ಪೆಹಚಾನ್ ಕಾರ್ಡಿಗೆ ಅರ್ಜಿ ಹಾಕಿ, ಮೇಳಗಳಲ್ಲಿ ಮಳಿಗೆ ಕೇಳಲು ಬೇಕಾಗುತ್ತದೆ. ರಾಜ್ಯದೊಳಗೆ ಮಾತ್ರ ಮಾರುವುದಾದರೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ.

ನೀವು ಯಾವ ತಿಂಗಳು ಬರುತ್ತಿದ್ದೀರಿ ಅಂತ ಬರೆದಿಲ್ಲ. ಜೂನ್ ಆದರೆ ಈಗಲೇ ಮಷೀನು ಕೊಳ್ಳಬೇಡಿ. ಒಂದಿಷ್ಟು ಗರಟೆ, ಬೀಜ, ಬಟ್ಟೆ ಚೂರುಗಳನ್ನು ಅಟ್ಟದ ಮೇಲೆ ಒಂದು ಕಡೆ, ಡಬ್ಬಿಯಲ್ಲಿ ಇನ್ನೊಂದು ಕಡೆ ಇಟ್ಟುಬಿಡಿ. ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿ, ಯಾವುದು ಕೆಟ್ಟಿಲ್ಲವೋ ಅದರಿಂದಲೇ ಶುರು ಮಾಡಿ.