ಹೆಸರೊಂದೇ, ನಂಟು ಬೇರೆ ಬೇರೆ

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳುಹಿಸಿದ ‘ಗಿನ್ನಿಸ್ ಮನೆತನದ ಮಹಿಮೆ’ ಲೇಖನ ಓದಿದೆ. ಬಿಯರು, ದಾಖಲೆ ಪುಸ್ತಕ, ನಟ, ಬ್ಯಾಂಕು ಎಲ್ಲವೂ ಒಂದೇ ಕುಟುಂಬದ ಕೊಡುಗೆ ಎಂದು ಬರೆದಿದ್ದೀರಿ. ಹೀಗೆಯೇ ಪ್ರಕಟಿಸಲು ಆಗದು. ಆದರೆ ವಿಷಯ ಚೆನ್ನಾಗಿದೆ, ದಯವಿಟ್ಟು ಕೈಬಿಡಬೇಡಿ.

ಒಂದು ಕೆಲಸ ಮಾಡಿ. ಹಸ್ತಪ್ರತಿಯ ಅಂಚಿನಲ್ಲಿ ಪ್ರತಿಯೊಂದರ ಎದುರಿಗೂ ‘ರಕ್ತ’, ‘ಕಂಪನಿ’, ‘ಬರೀ ಹೆಸರು’ ಇವುಗಳಲ್ಲಿ ಒಂದನ್ನು ಬರೆಯಿರಿ. ಗಿನ್ನಿಸ್ ಮಾಹನ್ ಬ್ಯಾಂಕಿಗೆ ‘ರಕ್ತ’: ಬಿಯರ್ ಕಂಪನಿ ಶುರುಮಾಡಿದ ಆರ್ಥರ್ ಗಿನ್ನಿಸ್‌ನ ಸೋದರ ಸ್ಯಾಮ್ಯುಯಲ್‌ನ ಸಂತತಿಯವರು ಕಟ್ಟಿದ್ದು. ದಾಖಲೆ ಪುಸ್ತಕಕ್ಕೆ ‘ಕಂಪನಿ’. 1951ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯಲ್ಲಿ ಬೇಟೆಗೆ ಹೋದಾಗ, ಯುರೋಪಿನಲ್ಲಿ ಅತಿ ವೇಗವಾಗಿ ಹಾರುವ ಬೇಟೆಹಕ್ಕಿ ಯಾವುದೆಂಬ ವಾದ ಎದ್ದಿತು. ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಪುಸ್ತಕದ ಯೋಚನೆ ಮೊಳೆತದ್ದು ಅಲ್ಲಿ. ಯೋಚಿಸಿದವರು ಹ್ಯೂ ಬೀವರ್, ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು. ಅವರು ಆ ಮನೆತನದವರಲ್ಲ. ಸಂಕಲಿಸಿದ ಮ್ಯಾಕ್‌ವರ್ಟರ್ ಅವಳಿ ಸೋದರರೂ ಅಲ್ಲ. ಪುಸ್ತಕ ಹೊರಬಂದದ್ದು 1955ರಲ್ಲಿ. 2008ರಿಂದ ಅದರ ಒಡೆತನ ಕೆನಡಾದ ಜಿಮ್ ಪ್ಯಾಟಿಸನ್ ಸಮೂಹದ್ದು. ಹಾಗಾಗಿ ‘ಬಿಯರ್ ಕಂಪನಿ ಕೊಡುವ ಪ್ರಮಾಣಪತ್ರ’ ಎಂಬ ನಿಮ್ಮ ಸಾಲು ಈಗ ನಿಲ್ಲುವುದಿಲ್ಲ.

ನಟ ಅಲೆಕ್ ಗಿನ್ನಿಸ್ ಅವರನ್ನು ‘ಕುಟುಂಬದ ಕುಡಿ’ ಎಂದಿದ್ದೀರಿ. 1914ರ ಅವರ ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ‘ಅಲೆಕ್ ಗಿನ್ನಿಸ್’ ಎಂದಿದೆ, ತಂದೆಯ ಹೆಸರಿನ ಜಾಗ ಖಾಲಿ. ನಂಟು ಸಾಬೀತಾಗಿಲ್ಲ. ಆ ಖಾಲಿ ಜಾಗವನ್ನೇ ಬರೆಯಿರಿ, ‘ಕುಡಿ’ಗಿಂತ ಹೆಚ್ಚು ಹೇಳುತ್ತದೆ. ಅವರು ಪ್ರೊಫೆಸರ್ ಗೋಡ್‌ಬೋಲೆಯಾಗಿ ನಟಿಸಿದ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣ ನಡೆದಿತ್ತು. ಕನ್ನಡ ಓದುಗರಿಗೆ ಬರೆಯುವಾಗ ಇದನ್ನು ಹೇಗೆ ಬಿಟ್ಟಿರಿ?

1759ರ ಗುತ್ತಿಗೆ ಸರಿಯಾಗಿದೆ: ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್, 9000 ವರ್ಷ, ವರ್ಷಕ್ಕೆ 45 ಪೌಂಡ್. ‘ಇಂದಿಗೂ ಅದೇ ಬಾಡಿಗೆ’ ಎಂಬುದನ್ನು ಹೊಡೆದುಹಾಕಿ. ಕಂಪನಿ ಆ ಜಾಗವನ್ನು ಕೊಂಡುಕೊಂಡು ಬಹಳ ಕಾಲವಾಯಿತು. ಶುರುವಿನಿಂದಲೂ ಕಪ್ಪು ಬಿಯರ್ ಎಂಬುದೂ ತಪ್ಪು. ಆರ್ಥರ್ ಮೊದಲು ಮಾಡಿದ್ದು ಏಲ್ ಎಂಬ ಬಗೆಯ ಬಿಯರ್, ಪೋರ್ಟರ್ ಎಂಬ ಕಪ್ಪು ಬಿಯರ್ ಆಮೇಲಿನದು. ಲಾಂಛನದ ಹಾರ್ಪ್ ವಾದ್ಯ ಐರ್ಲೆಂಡ್ ಸರ್ಕಾರದ ಮುದ್ರೆಯಲ್ಲೂ ಇದೆ, ಆದರೆ ಎದುರು ದಿಕ್ಕಿಗೆ ತಿರುಗಿದೆ. ಎರಡು ಚಿತ್ರ ಅಕ್ಕಪಕ್ಕ ಹಾಕಿದರೆ ಸಾಕು, ವಿವರಣೆ ಬೇಡ.

ನನಗೆ ನಿಜಕ್ಕೂ ಬೇಸರ ತಂದದ್ದು ವಿಲಿಯಂ ಗಾಸೆಟ್ ಅವರಿಗೆ ನೀವು ಕೊಟ್ಟ ಒಂದೇ ಸಾಲು. ಗಿನ್ನಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರ ಮುಂದಿದ್ದ ಸಮಸ್ಯೆ ಇದು: ಬಾರ್ಲಿಯ ಪರೀಕ್ಷೆಗೆ ಸಿಗುವ ಮಾದರಿಗಳು ಬೆರಳೆಣಿಕೆಯಷ್ಟು, ಅಷ್ಟರಲ್ಲೇ ಸರಾಸರಿಯನ್ನು ಎಷ್ಟು ನಂಬಬಹುದು? ಅವರು ಕಂಡುಕೊಂಡ ಉತ್ತರವೇ ಇಂದು ಪ್ರತಿ ಸಂಖ್ಯಾಶಾಸ್ತ್ರ ತರಗತಿಯಲ್ಲೂ ಕಲಿಸುವ ಟಿ-ಪರೀಕ್ಷೆ. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲವಾಗಿ 1908ರ ಆ ಪ್ರಬಂಧ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬಂತು. ಹೆಸರಿನ ಬಗ್ಗೆಯೇ ಲೇಖನ ಬರೆಯುವವರು ಹೆಸರು ಬಿಟ್ಟುಕೊಡಬೇಕಾದವರಿಗೆ ಎರಡು ಪ್ಯಾರಾ ಕೊಡಬೇಕು. ಬಿಯರ್ ಸುರಿಯುವ ವಿಧಾನದ ಪ್ಯಾರಾ ತೆಗೆದರೆ ಜಾಗ ಸಿಗುತ್ತದೆ.

‘ಗಿನ್ನೆಸ್’, ‘ಗಿನ್ನಿಸ್’, ‘ಗಿನೀಸ್’ ಮೂರೂ ಬಂದಿವೆ. ‘ಗಿನ್ನಿಸ್’ ಒಂದನ್ನೇ ಉಳಿಸಿ, 900 ಪದಗಳಿಗೆ ಇಳಿಸಿ ಮತ್ತೆ ಕಳುಹಿಸಿ.