ಓದುಗರ ಪ್ರಶ್ನೆ: ಗಾಡಿಯ ಫ್ರಿಜ್‌ಗೆ ಎರಡನೇ ಬ್ಯಾಟರಿ ಬೇಕೇ?

ಪ್ರಶ್ನೆ: ಜೀಪಿನ ಹಿಂದಿನ ಟ್ರೇಲರನ್ನು ಮನೆಯಂತೆ ಮಾಡಿಸಿ ಬನಶಂಕರಿ, ಕೂಡಲಸಂಗಮ ಎಂದು ಕುಟುಂಬ ಸಮೇತ ಹೋಗುತ್ತೇವೆ. 190 ಲೀಟರಿನ ಸಿಂಗಲ್ ಡೋರ್ ಫ್ರಿಜ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಪ್ಯೂರ್ ಸೈನ್‌ವೇವ್ ಇನ್ವರ್ಟರ್ ಇವೆ. ಚಾರ್ಜಿಂಗ್‌ಗೆ ಜೀಪಿನಿಂದಲೇ ವೈರ್ ಎಳೆದಿದ್ದೇವೆ. ರಾತ್ರಿ ಎಂಟಕ್ಕೆ ತಂಗಿದರೆ ನಸುಕಿಗೇ ಇನ್ವರ್ಟರ್ ಕೂಗಿ ಬಂದ್ ಆಗುತ್ತದೆ. ಇನ್ನೊಂದು ಬ್ಯಾಟರಿ ಹಾಕಿಸಲೇ?
– ಓದುಗರು, ಬಾದಾಮಿ

ಉತ್ತರ: ಸದ್ಯಕ್ಕೆ ಬೇಡ. 12 ವೋಲ್ಟಿನ 150 ಎಎಚ್ ಬ್ಯಾಟರಿಯನ್ನು ಅರ್ಧಕ್ಕೆ ಮಾತ್ರ ಇಳಿಸಿದರೂ 900 ವ್ಯಾಟ್-ಅವರ್ ಸಿಗಬೇಕು. ಬೇಸಿಗೆಯಲ್ಲಿ, ಕಾದ ತಗಡಿನ ಗಾಡಿಯೊಳಗೆ ಫ್ರಿಜ್ ದಿನಕ್ಕೆ ಒಂದು ಯೂನಿಟ್, ಅಂದರೆ 1000 ವ್ಯಾಟ್-ಅವರ್ ತಿಂದೀತು ಎನ್ನೋಣ. ರಾತ್ರಿಯ ಎಂಟು ತಾಸಿಗೆ 330 ವ್ಯಾಟ್-ಅವರ್. ಇನ್ವರ್ಟರ್ ಸುಮ್ಮನೆ ಚಾಲೂ ಇದ್ದರೂ 20 ವ್ಯಾಟ್ ಎಳೆಯುತ್ತದೆ, ಅದು 160. ನಷ್ಟವೆಲ್ಲ ಸೇರಿ 550ರ ಆಸುಪಾಸು. ಇಷ್ಟಕ್ಕೇ ಬಂದ್ ಆಗುವುದಾದರೆ ಬ್ಯಾಟರಿ ಸಂಜೆಗೆ ತುಂಬಿರುವುದೇ ಇಲ್ಲ, ಇಲ್ಲವೇ ಕೇಬಲ್ ಕೆಟ್ಟಿದೆ, ಅದೂ ಅಲ್ಲದಿದ್ದರೆ ಬ್ಯಾಟರಿಗೇ ವಯಸ್ಸಾಗಿದೆ. ಚಾರ್ಜಿಂಗ್ ಸರಿಯಿಲ್ಲದೆ ಇನ್ನೊಂದನ್ನು ತಂದರೆ ಅರೆಹೊಟ್ಟೆಯವು ಎರಡಾಗುತ್ತವೆ, ಅಷ್ಟೇ.

ಚಾರ್ಜಿಂಗ್, ಲೋಡು ಎರಡನ್ನೂ ತೆಗೆದು ಎರಡು ತಾಸು ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟಿನ ಮೇಲಿದ್ದರೆ ತುಂಬಿದೆ; 12.2 ಅಂದರೆ ಅರ್ಧ. ನಮ್ಮ ಸಂಶಯ ಜೀಪಿನ ವೈರಿನ ಮೇಲೆಯೇ. ಟ್ಯೂಬುಲರ್ ತುಂಬಲು 14.4 ವೋಲ್ಟ್ ಬೇಕು. ಉದ್ದನೆಯ ಸಣ್ಣ ವೈರಿನಲ್ಲಿ ಹಿಂದೆ ಮುಟ್ಟುವಷ್ಟರಲ್ಲಿ ಅದು 13ಕ್ಕೆ ಬಂದಿರುತ್ತದೆ. 10 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿ, ಟ್ರೇಲರಿನ ಬ್ಯಾಟರಿ ಹತ್ತಿರವೇ ಇಳಿದ ವೋಲ್ಟನ್ನು ಮತ್ತೆ ಏರಿಸಿ ಬ್ಯಾಟರಿಗೆ ಕೊಡುವ 20 ಆಂಪಿಯರಿನ ಡಿಸಿ-ಟು-ಡಿಸಿ ಚಾರ್ಜರ್ ಕೂಡಿಸಿ. ಈ ವೈರಿಗೆ ಜೀಪಿನ ಬ್ಯಾಟರಿ, ಟ್ರೇಲರಿನ ಬ್ಯಾಟರಿ ಎರಡರ ಪಕ್ಕದಲ್ಲೂ 40 ಆಂಪಿಯರ್ ಫ್ಯೂಸ್ ಇರಲೇಬೇಕು. ಇಷ್ಟಾದರೂ ಅರ್ಧ ಖಾಲಿ ಬ್ಯಾಟರಿ ತುಂಬಲು ಐದಾರು ತಾಸು ಹಿಡಿಯುತ್ತದೆ. ಬಾದಾಮಿಯಿಂದ ಕೂಡಲಸಂಗಮದಷ್ಟು ಓಡಾಟ ಸಾಲದು. ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ತುಂಬಿಸಿಕೊಳ್ಳಿ. ಎರಡು-ಮೂರು ದಿನ ತಂಗುವುದಾದರೆ ಚಾವಣಿಗೆ 400 ವ್ಯಾಟ್ ಸೋಲಾರ್ ಹಾಕಿಸಿ. ನಮ್ಮ ಕಡೆಯ ಬಿಸಿಲಿಗೆ ದಿನಕ್ಕೆ ಒಂದೂವರೆ ಯೂನಿಟ್ ಬರುತ್ತದೆ. ಬ್ಯಾಟರಿಯ ದುಡ್ಡನ್ನು ಇಲ್ಲಿ ಹಾಕುವುದು ಮೇಲು.

ಬ್ಯಾಟರಿ ತುಂಬಿದ್ದೂ ಬಂದ್ ಆಗುತ್ತಿದ್ದರೆ ಕಂಪ್ರೆಸರ್ ಎತ್ತಿಕೊಳ್ಳುವ ಕ್ಷಣಕ್ಕೆ ಎರಡು ಕಡೆ ಅಳೆಯಿರಿ. ಬ್ಯಾಟರಿಯ ತುದಿಯಲ್ಲಿ 12.3, ಇನ್ವರ್ಟರ್ ತುದಿಯಲ್ಲಿ 11 ಬಂದರೆ ತಪ್ಪು ನಡುವಿನ ಕೇಬಲ್ಲಿನದು ಅಥವಾ ಸಡಿಲ ಲಗ್ಗಿನದು (ಕೇಬಲ್ ತುದಿಯ ಲೋಹದ ಕೊಂಡಿ). ಓಡುವಾಗ 100 ವ್ಯಾಟ್ ತಿನ್ನುವ ಕಂಪ್ರೆಸರ್ ಎದ್ದೇಳುವಾಗ ಅದರ ಹಲವು ಪಟ್ಟು ಕೇಳುತ್ತದೆ. ಕೇಬಲ್ 25 ಚದರ ಮಿಲಿಮೀಟರ್ ಇರಲಿ, ಒಂದೂವರೆ ಮೀಟರ್ ದಾಟದಿರಲಿ. ಎರಡೂ ತುದಿಯಲ್ಲಿ ಒಟ್ಟಿಗೇ ಕುಸಿದರೆ ಮಾತ್ರ ಬ್ಯಾಟರಿ ಬದಲಿಸಿ.

ಒಮ್ಮೆ ಬಂದ್ ಆದ ಮೇಲೆ ಐದು ನಿಮಿಷ ಸುಮ್ಮನಿರಿ. ಒಳಗಿನ ಗ್ಯಾಸಿನ ಒತ್ತಡ ಸಮನಾಗುವ ಮೊದಲೇ ಒತ್ತಿದರೆ ಕಂಪ್ರೆಸರ್ ಗುಂಯ್ ಎಂದು ಸಿಕ್ಕಿಕೊಳ್ಳುತ್ತದೆ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಮಲಗುವ ಜಾಗದಲ್ಲಿ ಇಡಬೇಡಿ. ಹೊರಗೆ ಗಾಳಿ ಹೋಗುವ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯಿರಿ.

ಪ್ರಶ್ನೆ: ಇಂಥದೇ ಗಾಡಿಗೆ ಡಬಲ್ ಡೋರ್ ಫ್ರಾಸ್ಟ್-ಫ್ರೀ ಫ್ರಿಜ್ ನಡೆದೀತೇ?
– ಓದುಗರು, ವಿಜಯಪುರ

ಉತ್ತರ: ನಡೆದೀತು, ಆದರೆ ಮಂಜು ಕರಗಿಸುವ ಹೀಟರ್ ಆಗಾಗ 150–200 ವ್ಯಾಟ್ ಎಳೆಯುತ್ತದೆ, ಜೊತೆಗೆ ಫ್ಯಾನ್ ಬೇರೆ. ಇನ್ವರ್ಟರ್ ಕಂಪ್ರೆಸರ್ (ಬೇಕಾದಂತೆ ವೇಗ ಏರಿಸಿ ಇಳಿಸಿಕೊಳ್ಳುವ ಕಂಪ್ರೆಸರ್) ಇರುವ ಸಿಂಗಲ್ ಡೋರ್ ಕೊಳ್ಳಿ; ಅದು ಮೆಲ್ಲಗೆ ಎದ್ದೇಳುತ್ತದೆ, ಸಣ್ಣ ಇನ್ವರ್ಟರಿನಲ್ಲೂ ಓಡುತ್ತದೆ.