ಎಸಿ ರೂಮಿನ ಲೆಕ್ಕ

ಪ್ರಶ್ನೆ: ಅಕ್ಕಾವ್ರೆ, ನಮಸ್ಕಾರ. ನಮ್ಮದು ಚಿತ್ತಾಪುರ ತಾಲ್ಲೂಕು. ತೊಗರಿ ಮಾರಿದ ರೊಕ್ಕ ಕೈಗೆ ಬಂದರೆ ಮೊದಲು ಕಟ್ಟುವುದೇ ಅಪ್ಪನ ಹೆಲ್ತ್ ಇನ್ಶೂರೆನ್ಸ್. 3 ಲಕ್ಷದ ಪಾಲಿಸಿ, ಆರು ವರ್ಷವಾಯಿತು. ಕಳೆದ ಏಪ್ರಿಲ್‌ನಲ್ಲಿ ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಬಿಲ್ 1,30,000. ಕಂಪನಿ ಕೊಟ್ಟಿದ್ದು 78,000. ಕೇಳಿದರೆ ‘ರೂಮು ದೊಡ್ಡದು ತಗೊಂಡಿದ್ದೀರಿ’ ಅಂದರು. ರೂಮಿಗೆ ಜಾಸ್ತಿ ಆಗಿದ್ದು ಬರೀ 8,000. ಉಳಿದ 44,000 ಎಲ್ಲಿ ಹೋಯಿತು? ಇನ್ಶೂರೆನ್ಸ್ ಎಲ್ಲಾ ಮೋಸ, ಆ ರೊಕ್ಕ ಬ್ಯಾಂಕಿನಲ್ಲಿ ಇಡು ಅಂತ ಊರವರು ಹೇಳುತ್ತಾರೆ. ಮುಂದಿನ ವರ್ಷ ಕಟ್ಟಲೋ ಬೇಡವೋ?

ಉತ್ತರ: ಏಪ್ರಿಲ್ ಅಂದಕೂಡಲೇ ನನಗೆ ಗೊತ್ತಾಯಿತು. ನಮ್ಮ ಬಿಸಿಲಿನಲ್ಲಿ ವಯಸ್ಸಾದವರನ್ನು ಅಡ್ಮಿಟ್ ಮಾಡುವಾಗ ಯಾರಿಗೆ ಫ್ಯಾನಿನ ರೂಮು ಬೇಕು ಹೇಳಿ? ಕೌಂಟರಿನವರು, ‘ಎಸಿ ತಗೊಳ್ರಿ, ಡಿಫರೆನ್ಸ್ ಅಷ್ಟೇ ನೀವು ಕಟ್ಟೋದು’ ಅಂದಿರುತ್ತಾರೆ. ಅಲ್ವಾ? ಸುಳ್ಳು ಯಾಕೆ ಹೇಳಲಿ, ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದ ಮೊದಲ ವರ್ಷಗಳಲ್ಲಿ ನಾನೂ ಈ ಮಾತು ಎಷ್ಟೋ ಜನರಿಗೆ ಹೇಳಿದ್ದೇನೆ. ನನಗೆ ಹೇಳಿಕೊಟ್ಟಿದ್ದೇ ಹಾಗೆ. ಒಂದು ದಿನ ಒಬ್ಬ ಮುದುಕಿ ಬಿಲ್ಲನ್ನು ಗಾಜಿನ ಕೆಳಗಿನ ಕಿಂಡಿಯಿಂದ ವಾಪಸ್ ತಳ್ಳಿ, ‘ನೀನೇ ಓದವ್ವ, ಎಲ್ಲೈತಿ ನೀ ಹೇಳಿದ ಡಿಫರೆನ್ಸು?’ ಅಂದರು. ಆವತ್ತು ಕೂತು ಪಾಲಿಸಿ ಓದಿದೆ.

ನೀವು ಕಳಿಸಿದ ಪಾಲಿಸಿಯಲ್ಲಿ ದಿನದ ರೂಮ್ ಬಾಡಿಗೆ ವಿಮೆಯ ಮೊತ್ತದ ಶೇ. 1 ಎಂದಿದೆ. ಅಂದರೆ 3,000. ನೀವು ತಗೊಂಡಿದ್ದು 5,000ದ ರೂಮು, ನಾಲ್ಕು ದಿನ. ಐದಕ್ಕೆ ಮೂರು ಅಂದರೆ ನಿಮ್ಮ ಹಕ್ಕು ಶೇ. 60 ಅಂತ ಲೆಕ್ಕ ಹಾಕಿದ್ದಾರೆ. ಆ ಶೇ. 60 ಅನ್ನು ರೂಮಿಗೆ ಮಾತ್ರ ಅಲ್ಲ, ಇಡೀ ಬಿಲ್ಲಿಗೇ ಹಾಕಿಬಿಟ್ಟಿದ್ದಾರೆ. 1,30,000ಕ್ಕೆ ಶೇ. 60 ಅಂದರೆ ಸರಿಯಾಗಿ 78,000. ನಿಮ್ಮ 44,000 ಹೋಗಿದ್ದು ಅಲ್ಲಿ.

ಆದರೆ ಹೀಗೆ ಎಲ್ಲದಕ್ಕೂ ಕತ್ತರಿ ಹಾಕುವಂತಿಲ್ಲ. ವಿಮಾ ಕಂಪನಿಗಳನ್ನು ನೋಡಿಕೊಳ್ಳುವ ಐಆರ್‌ಡಿಎಐ 2020ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಔಷಧಿ, ಟೆಸ್ಟು, ಒಳಗೆ ಹಾಕುವ ಇಂಪ್ಲಾಂಟು, ಇವುಗಳಿಗೆ ರೂಮಿನ ಲೆಕ್ಕದ ಕಡಿತ ಇಲ್ಲ. ಐಸಿಯು ಬಾಡಿಗೆಗೂ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಔಷಧಿ 22,000, ಟೆಸ್ಟು 10,000, ಹರ್ನಿಯಾಗೆ ಒಳಗೆ ಹಾಕಿದ ಬಲೆ, ಅಂದರೆ ಮೆಶ್, 18,000 ಇದೆ. ಒಟ್ಟು 50,000. ಇದು ಪೂರ್ತಿ ಬರಬೇಕಿತ್ತು, ಬಂದಿದ್ದು 30,000. ಅಲ್ಲಿಗೇ 20,000 ನಿಮಗೆ ಬಾಕಿ. ಗ್ಲೌಸು, ಫೈಲು, ರಿಜಿಸ್ಟ್ರೇಷನ್ ಅಂತ ಸಣ್ಣಪುಟ್ಟದ್ದು ಕಳೆದುಕೊಂಡರೂ ಸಿಟ್ಟು ಬರುವಷ್ಟು ಉಳಿಯುತ್ತದೆ.

ಇನ್ನೊಂದು ಇದೆ. ಸರ್ಜನ್, ಅನಸ್ತೇಶಿಯಾ, ಥಿಯೇಟರ್ ಸೇರಿ 60,000. ಆ ದವಾಖಾನೆಯಲ್ಲಿ ಜನರಲ್ ವಾರ್ಡಿನವರಿಗೂ ಎಸಿ ರೂಮಿನವರಿಗೂ ಈ ದರ ಒಂದೇ ಇದ್ದರೆ, ಇದರಲ್ಲೂ ಕಡಿತ ಮಾಡುವಂತಿಲ್ಲ. ಹೋಗಿ ದರಪಟ್ಟಿ ಕೇಳಿ. ರಾಜ್ಯದ ಕಾಯ್ದೆ ಪ್ರಕಾರ ಖಾಸಗಿ ದವಾಖಾನೆಗಳು ದರ ತೋರಿಸಬೇಕು. ಈ ಕಾಯ್ದೆಯ ತಿದ್ದುಪಡಿ ವಿರೋಧಿಸಿ 2017ರ ನವೆಂಬರ್‌ನಲ್ಲಿ ಡಾಕ್ಟರುಗಳು ಓಪಿಡಿ ಬಂದ್ ಮಾಡಿದ್ದು ನಿಮಗೂ ನೆನಪಿರಬಹುದು. ಒಂದೇ ದರ ಅಂತಿದ್ದರೆ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಕೊಡಲ್ಲ ಅಂದರೆ ನಾಳೆ ಮತ್ತೆ ಹೋಗಿ. ಕೌಂಟರಿನವರಿಗೆ ದಿನಾ ಬರುವವರ ಮುಖ ಕಂಡರೆ ಭಯ, ನನ್ನ ಅನುಭವ.

ಆಮೇಲೆ ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡಿ. ‘ಯಾವ ಐಟಂಗೆ ಎಷ್ಟು ಕಡಿತ, ಪಾಲಿಸಿಯ ಯಾವ ಷರತ್ತಿನ ಮೇಲೆ’ ಅಂತ ಕೇಳಿ. ಫೋನಿನಲ್ಲಿ ಜಗಳ ಬೇಡ, ಅದಕ್ಕೆ ಸಾಕ್ಷಿ ಉಳಿಯಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ನಿಮಗೆ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ಫೀಸಿಲ್ಲ, ವಕೀಲರು ಬೇಡ, ಆನ್‌ಲೈನಿನಲ್ಲೇ ಹಾಕಬಹುದು. ಕಂಪನಿ ಆಗಲ್ಲ ಎಂದ ದಿನದಿಂದ ಒಂದು ವರ್ಷದೊಳಗೆ ಮಾತ್ರ.

ಮುಂದಿನ ವರ್ಷದ ಮಾತು. ಕಟ್ಟಿ. ಬಿಟ್ಟರೆ ಆರು ವರ್ಷದ್ದೆಲ್ಲಾ ಹೋಗಿ, ಹಳೇ ಕಾಯಿಲೆಗಳಿಗೆ ಕ್ಲೇಮ್ ಸಿಗದ ಕಾಯುವ ಅವಧಿ ಮತ್ತೆ ಶುರು. ಆದರೆ ರೂಮಿನ ಮಿತಿ ಇಲ್ಲದ ಬೇರೆ ಕಂಪನಿಯ ಪಾಲಿಸಿಗೆ ಪೋರ್ಟ್ ಮಾಡಿಸಿಕೊಳ್ಳಿ, ಅಂದರೆ ವರ್ಗಾಯಿಸಿಕೊಳ್ಳಿ. ಕಾದ ವರ್ಷಗಳು ಜೊತೆಗೇ ಬರುತ್ತವೆ. ರಿನ್ಯೂವಲ್ ತಾರೀಖಿಗೆ 45 ದಿನ ಮೊದಲೇ ಅರ್ಜಿ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗೆ ಶೇ. 18 ಜಿಎಸ್‌ಟಿ ಇಲ್ಲ, ಒಳ್ಳೆಯದೇ ಆಯಿತು. ಆದರೆ ಪೇಪರಿನಲ್ಲಿ ಅದಕ್ಕೆ ಸಿಕ್ಕ ಜಾಗದ ಕಾಲು ಭಾಗವೂ ಈ ರೂಮಿನ ಷರತ್ತಿಗೆ ಸಿಗಲಿಲ್ಲ ಅನ್ನುವುದು ನನ್ನ ಸಂಕಟ.

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್, ಯಾದಗಿರಿ. ತಮ್ಮನಿಗೆ ಹೃದಯದ ತೊಂದರೆ. ಇನ್ಶೂರೆನ್ಸ್ ಮಾಡಿಸಬೇಕಾ?

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ದವಾಖಾನೆಗೆ ಹೋಗಿ, ಅಲ್ಲಿ ಆಗದ್ದಕ್ಕೆ ರೆಫರಲ್ ಚೀಟಿ ತಗೊಳ್ಳಿ. ತುರ್ತು ಇದ್ದರೆ ಚೀಟಿಗೆ ಕಾಯಬೇಡಿ. ಹೃದಯಕ್ಕೆ ಈಗ ಬೆಂಗಳೂರು, ಹೈದರಾಬಾದ್ ಅಂತ ಓಡಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಇದೆ. ಎಪಿಎಲ್‌ನವರೂ ಕೇಳುತ್ತಿರುತ್ತಾರೆ: ಅವರಿಗೆ ಪ್ಯಾಕೇಜ್ ದರದ (ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತು ಮಾಡಿದ ದರದ) ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ.

ಪ್ರಶ್ನೆ: ಅವ್ವನಿಗೆ 68, ಶುಗರ್ ಇದೆ. ವಯಸ್ಸಾಯಿತು, ಪಾಲಿಸಿ ಸಿಗಲ್ಲ ಎಂದು ಏಜೆಂಟ್ ಹೇಳಿದ. ನಿಜವಾ? (ಓದುಗರು, ಬೀದರ್)

ಉತ್ತರ: ಹಳೇ ಮಾತು. 65ರ ಗಡಿ 2024ರ ಏಪ್ರಿಲ್‌ನಿಂದ ಇಲ್ಲ. ಪ್ರೀಮಿಯಂ ಮಾತ್ರ ಕೈ ಸುಡುತ್ತದೆ, ಮೂರು ಕಡೆ ವಿಚಾರಿಸಿ. ಹಳೇ ಕಾಯಿಲೆಗೆ ಕಾಯಿಸುವುದು ಈಗ ಗರಿಷ್ಠ ಮೂರು ವರ್ಷ, ಮೊದಲು ನಾಲ್ಕಿತ್ತು. ಶುಗರ್ ವಿಷಯ ಮುಚ್ಚಿಡಬೇಡಿ. ‘ಬರೀಬೇಡ್ರಿ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಎನ್ನುವ ಏಜೆಂಟ್, ಕ್ಲೇಮ್ ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ. ಫಾರಂ ನೀವೇ ತುಂಬಿ, ಅವ್ವ ನುಂಗುವ ಮಾತ್ರೆಗಳ ಹೆಸರನ್ನೂ ಅದರಲ್ಲಿ ಬರೆಯಿರಿ.